ಒಬ್ಬಟ್ಟು ಮುಗಿಸಿ ಮ್ಯಾಟಿನಿಗೆ

ಎರಡೂವರೆಯ ಆಟಕ್ಕೆ ಹೋಗಬೇಕಾದರೆ ಬೇಳೆ ಬೆಳಗಿನ ಆರಕ್ಕೇ ಒಲೆಯ ಮೇಲಿರಬೇಕು. ನಮ್ಮ ಮನೆಯ ಹೆಂಗಸರು ಯುಗಾದಿಯ ಲೆಕ್ಕವನ್ನು ಕೊನೆಯಿಂದ ಹಿಡಿಯುತ್ತಿದ್ದರು. ಟಾಕೀಸಿಗೆ ಹದಿನೈದು ನಿಮಿಷದ ನಡಿಗೆ. ಹೆಂಗಸರ ಕ್ಯೂ ಉದ್ದವಿದ್ದರೆ ಇನ್ನೊಂದು ಕಾಲು ಗಂಟೆ. ಅಂದರೆ ಎರಡಕ್ಕೆ ಸೀರೆಯುಟ್ಟು ಹೊಸ್ತಿಲು ದಾಟಬೇಕು, ಒಂದೂವರೆಗೆ ಕೊನೆಯ ಪಂಕ್ತಿ ಏಳಬೇಕು. ಕೊನೆಯ ಪಂಕ್ತಿ ಯಾವತ್ತೂ ಹೆಂಗಸರದೇ. ಗಂಡಸರೂ ಮಕ್ಕಳೂ ಹನ್ನೆರಡಕ್ಕೆ ಎಲೆಯ ಮುಂದೆ ಕೂತರೆ ಮಾತ್ರ ಇದು ಆಗುವ ಮಾತು. ಅದಕ್ಕೆ ಹನ್ನೊಂದಕ್ಕೆ ಕಾವಲಿ ಕಾಯಬೇಕು, ಹತ್ತಕ್ಕೆ ಹೂರಣ ಉಂಡೆಯಾಗಿರಬೇಕು, ಒಂಬತ್ತಕ್ಕೆ ಒರಳು ತಿರುಗಬೇಕು. ಇಷ್ಟು ಕರಾರುವಾಕ್ಕಾದ ಯೋಜನೆಯನ್ನು ಆಮೇಲೆ ನಾನು ಕೆಲಸ ಮಾಡಿದ ಯಾವ ಆಫೀಸಿನಲ್ಲೂ ಕಾಣಲಿಲ್ಲ.

ಊರು ಮೈಸೂರಿಗೂ ಹಾಸನಕ್ಕೂ ನಡುವಿನ ಒಂದು ತಾಲ್ಲೂಕು ಕೇಂದ್ರ. ಮನೆಯಲ್ಲಿ ಹದಿನಾಲ್ಕು ಜನ. ಅಡುಗೆಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಅಮ್ಮ, ಹೊಸದಾಗಿ ಬಂದಿದ್ದ ಚಿಕ್ಕಮ್ಮ. ಜೊತೆಗೆ, ಗಂಡನ ಮನೆಯಿಂದ ವಾಪಸಾಗಿ ತವರಲ್ಲೇ ಉಳಿದುಬಿಟ್ಟಿದ್ದ ನನ್ನ ಸೋದರತ್ತೆ. ಎಪ್ಪತ್ತರ ದಶಕದ ಕೊನೆ. ನನಗಾಗ ಎಂಟೋ ಒಂಬತ್ತೋ. ನನ್ನ ಕೆಲಸ ಏಲಕ್ಕಿ ಬಿಡಿಸುವುದು, ಬೆಲ್ಲ ಕುಟ್ಟುವಾಗ ಹಾರಿದ ಚೂರನ್ನು ಬಾಯಿಗೆ ಹಾಕಿಕೊಳ್ಳುವುದು.

ಒಬ್ಬಟ್ಟು ಮಾಡುವುದು ದೊಡ್ಡ ವಿದ್ಯೆಯೇನಲ್ಲ ಅನ್ನುವವರು ಅದನ್ನು ಮಾಡಿದವರಲ್ಲ. ತೊಗರಿಬೇಳೆ ಬೇಯಬೇಕು, ಆದರೆ ಕರಗಬಾರದು. ಬೆರಳಲ್ಲಿ ಒತ್ತಿದರೆ ಹಿಸುಕಿಹೋಗಬೇಕು, ನೋಡಿದರೆ ಕಾಳು ಕಾಳಾಗಿ ಕಾಣಬೇಕು. ಆ ಹದ ದಾಟಿದರೆ ಕಟ್ಟು ಗಟ್ಟಿಯಾಗುತ್ತದೆ, ಹೂರಣ ನೀರಾಗುತ್ತದೆ, ಹಬ್ಬ ಕೆಟ್ಟಿತೆಂದೇ ಲೆಕ್ಕ. ಬೇಳೆ ಬಸಿದು, ಆ ಕಟ್ಟನ್ನು ಸಾರಿಗೆಂದು ಪಕ್ಕಕ್ಕಿಟ್ಟು, ಬೇಳೆಗೆ ಹೆಚ್ಚುಕಮ್ಮಿ ಅದರಷ್ಟೇ ತೂಕದ ಬೆಲ್ಲ ಹಾಕಿ ಮತ್ತೆ ಒಲೆಗಿಡಬೇಕು. ಬೆಲ್ಲ ಕರಗಿದ ಕೂಡಲೇ ಎಲ್ಲ ತೆಳ್ಳಗಾಗಿ ಹೆದರಿಸುತ್ತದೆ. ಚಿಕ್ಕಮ್ಮ ಮೊದಲ ವರ್ಷ ಹೆದರಿ ಇಳಿಸಿಬಿಟ್ಟಿದ್ದಳು. ‘ಇಳಿಸಬೇಡ ಕಣೆ, ಅದೇ ತಾನಾಗಿ ಮುದ್ದೆಯಾಗತ್ತೆ, ಸಟ್ಟುಗ ನಿಂತ್ಕೊಳ್ಳೋವರೆಗೂ ಕಾಯಿ’ ಅಂತ ಅಜ್ಜಿ. ಆಮೇಲೆ ಕಾಯಿತುರಿ, ಏಲಕ್ಕಿ ಸೇರಿಸಿ ಒರಳಿಗೆ. ಇತ್ತ ಚಿರೋಟಿ ರವೆಗೆ ಒಂದಿಷ್ಟು ಮೈದಾ, ಚಿಟಿಕೆ ಅರಿಶಿನ ಹಾಕಿ ಸಡಿಲವಾಗಿ ಕಲಸಿದ ಕಣಕ ಎಣ್ಣೆಯಲ್ಲಿ ಮುಳುಗಿ ನೆನೆಯುತ್ತಿರುತ್ತಿತ್ತು. ಅದನ್ನು ನಾದಿ ನಾದಿ ರಬ್ಬರಿನಂತೆ ಎಳೆಯುವಂತೆ ಮಾಡುವುದು ದೊಡ್ಡಮ್ಮನ ಇಲಾಖೆ. ಬಾಳೆಲೆಯ ಮೇಲೆ ಅಂಗೈಯಲ್ಲಿ ತಟ್ಟುವುದು ಅಮ್ಮನದು. ಬೇಯಿಸುವುದು ಅತ್ತೆ, ಒಲೆಯ ಮುಂದೆ ಒಬ್ಬಳೇ, ಮಾತಿಲ್ಲದೆ.

ಒಂದು ಕಿಲೋ ಬೇಳೆಗೆ ಸುಮಾರು 50 ಒಬ್ಬಟ್ಟು. ನಮ್ಮಲ್ಲಿ ಎರಡು ಕಿಲೋ ಹಾಕುತ್ತಿದ್ದರು. ಅದರ ಜೊತೆಗೆ ಮಾವಿನಕಾಯಿ ಚಿತ್ರಾನ್ನ, ಎರಡು ಕೋಸಂಬರಿ, ಪಲ್ಯ, ಕಟ್ಟಿನ ಸಾರು. ಧಾರವಾಡದಿಂದ ಬಂದ ನನ್ನ ತಮ್ಮನ ಹೆಂಡತಿ ಮದುವೆಯಾದ ಹೊಸದರಲ್ಲಿ ‘ಹೋಳಿಗಿಗೆ ತೊಗರಿಬ್ಯಾಳಿ ಹಾಕ್ತಾರೇನ್ರಿ?’ ಅಂತ ಕೇಳಿ ಮನೆಯಲ್ಲಿ ಒಂದು ಗಳಿಗೆ ಮೌನ ಕವಿದಿತ್ತು. ಅವರ ಕಡೆ ಕಡಲೆಬೇಳೆ. ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಬೆಳಗಿನ ಎಣ್ಣೆ ನೀರು, ಅದರ ಮೇಲೆ ಬೇವು ಬೆಲ್ಲ, ಅದರ ಮೇಲೆ ತುಪ್ಪ ಸುರಿದ ನಾಲ್ಕು ಒಬ್ಬಟ್ಟು. ಮಧ್ಯಾಹ್ನ ಒಂದೂವರೆಗೆಲ್ಲ ಪಡಸಾಲೆಯಲ್ಲಿ ತಾತನಿಂದ ಹಿಡಿದು ಚಿಕ್ಕಪ್ಪನವರೆಗೆ ಸಾಲಾಗಿ ಗೊರಕೆ. ಯುಗಾದಿಯ ಈ ನಿದ್ದೆಯ ಸಂದಿಯಲ್ಲೇ ಐದು ಜನ ಹೆಂಗಸರು, ಬಾಲ ಹಿಡಿದ ನಾನು, ಹಿತ್ತಿಲ ಬಾಗಿಲಿನಿಂದ ಹೊರಡುತ್ತಿದ್ದೆವು. ಕದ್ದು ಹೋಗುವುದೇನಲ್ಲ, ಒಪ್ಪಿಗೆ ಇತ್ತು. ಆದರೂ ಮುಂಬಾಗಿಲಿನಿಂದ ಹೋದರೆ ಯಾರಾದರೂ ಎಚ್ಚರಾಗಿ ‘ಒಂದು ಲೋಟ ಮಜ್ಜಿಗೆ’ ಅಂದುಬಿಟ್ಟರೆ?

ನಮ್ಮೂರಲ್ಲಿ ಮೊದಲಿದ್ದದ್ದು ಟೂರಿಂಗ್ ಟಾಕೀಸು. ಟೆಂಟಿನಲ್ಲಿ ಸಿನಿಮಾ ಬಿಡಬೇಕಾದರೆ ಕತ್ತಲಾಗಲೇಬೇಕು. ಹಾಗಾಗಿ ಅಲ್ಲಿ ನಡೆಯುತ್ತಿದ್ದದ್ದು ಮೊದಲನೇ ಆಟ, ಎರಡನೇ ಆಟ ಅಷ್ಟೆ. ಎರಡೂ ರಾತ್ರಿ ಅಡುಗೆಯ ಹೊತ್ತಿಗೇ. ಗೋಡೆ, ಬಾಗಿಲು, ತಗಡಿನ ಮಾಡು ಇರುವ ಪರ್ಮನೆಂಟ್ ಟಾಕೀಸು ಬಂದ ಮೇಲೆ ಹಗಲಲ್ಲೂ ಕತ್ತಲು ಮಾಡಲು ಸಾಧ್ಯವಾಯಿತು, ಮ್ಯಾಟಿನಿ ಹುಟ್ಟಿತು. ಊಟದ ಪಾತ್ರೆ ತೊಳೆದಿಟ್ಟು, ಸಂಜೆಯ ಕಾಫಿಗೆ ಮುಂಚೆ ಮನೆ ಸೇರಬಹುದಾದ ಆಟ. ಹೆಂಗಸರ ಸಿನಿಮಾ ಅನ್ನುವುದು ನಮ್ಮಂಥ ಊರುಗಳಲ್ಲಿ ಬೇರೂರಲು ಕಥೆಗಿಂತ ಮೊದಲು ಈ ಹೊತ್ತು ಕಾರಣ ಅಂತ ನನಗೆ ಅನ್ನಿಸುತ್ತದೆ.

ಹೆಂಗಸರಿಗೆ ಬೇರೆ ಗೇಟು, ಬೇರೆ ಬೆಂಚು. ಏಪ್ರಿಲ್ ಬಿಸಿಲಿಗೆ ತಗಡು ಕಾದು ಒಳಗೆಲ್ಲ ಎಣ್ಣೆ ಸ್ನಾನದ ಸೀಗೆಕಾಯಿ, ಮಲ್ಲಿಗೆ, ಬೆವರು, ಒಬ್ಬಟ್ಟಿನ ಅರಿಶಿನ ಎಲ್ಲ ಬೆರೆತ ಒಂದು ವಾಸನೆ. ಸೆರಗಿನ ಗಂಟಿನಲ್ಲಿ ಕೋಡುಬಳೆ. ಅದನ್ನು ಹಾಡು ಬಂದಾಗ ಮಾತ್ರ ಕಡಿಯಬೇಕು ಅನ್ನುವುದು ಅಲಿಖಿತ ನಿಯಮ. ಮಾತಿನ ಸೀನಿನಲ್ಲಿ ಯಾರಾದರೂ ಕರುಂ ಅನ್ನಿಸಿದರೆ ಹಿಂದಿನಿಂದ ‘ಶ್’ ಬರುತ್ತಿತ್ತು.

ಹೊಸ ಚಿತ್ರಗಳು ನಮ್ಮೂರಿಗೆ ಬರುವಾಗ ಹಳೆಯದಾಗಿರುತ್ತಿದ್ದವು, ಹಳೆಯವು ಮತ್ತೆ ಮತ್ತೆ ಬರುತ್ತಿದ್ದವು. 1967ರ ‘ಬೆಳ್ಳಿಮೋಡ’ವನ್ನು ನಾವು ನೋಡಿದ್ದು ಅದು ಬಂದು ಹತ್ತು ವರ್ಷ ದಾಟಿದ ಮೇಲೆ. ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಮೊದಲ ಚಿತ್ರ ಅದು. ಕಲ್ಪನಾ ಎಂಬ ನಟಿಯನ್ನು ಮನೆಮನೆಗೆ ತಲುಪಿಸಿದ್ದೂ ಅದೇ. ಅಮ್ಮ, ದೊಡ್ಡಮ್ಮ ಇಬ್ಬರಿಗೂ ಕಥೆ ಬಾಯಿಪಾಠ. ತ್ರಿವೇಣಿಯವರ ಕಾದಂಬರಿ ಮನೆಯಲ್ಲಿ ಬೆನ್ನು ಕಿತ್ತುಹೋಗುವಷ್ಟು ಓದಿಸಿಕೊಂಡಿತ್ತು. ಅವರು ಟಾಕೀಸಿಗೆ ಹೋದದ್ದು ಮುಂದೇನಾಗುತ್ತದೆ ಅಂತ ತಿಳಿಯಲಲ್ಲ, ಸರಿಯಾಗಿ ತೆಗೆದಿದ್ದಾರಾ ಅಂತ ತಪಾಸಣೆ ಮಾಡಲು. ಸಾರಿಗೆ ಉಪ್ಪು ನೋಡುವ ಹಾಗೆ.

ಶ್ರೀಮಂತರ ಒಬ್ಬಳೇ ಮಗಳು ಇಂದಿರಾ. ಆಸ್ತಿಯೆಲ್ಲ ಅವಳದೇ ಅಂತ ಇದ್ದಾಗ ಪ್ರೀತಿಸಿದ ಮೋಹನ, ಅವಳಿಗೊಬ್ಬ ತಮ್ಮ ಹುಟ್ಟಿದ ಮೇಲೆ ಹಿಂಜರಿಯುತ್ತಾನೆ. ಆಮೇಲೆ ಅವನು ಪೆಟ್ಟು ತಿಂದು ಮಲಗಿದಾಗ ಅವನ ಆರೈಕೆ ಮಾಡುವವಳೂ ಅವಳೇ. ಗುಣವಾದ ಮೋಹನನಿಗೆ ಈಗ ಬುದ್ಧಿ ಬಂದಿದೆ, ಮದುವೆಯಾಗೋಣ ಅನ್ನುತ್ತಾನೆ. ಇಂದಿರಾ ಒಲ್ಲೆ ಅನ್ನುತ್ತಾಳೆ. ಆರೈಕೆ ಬೇರೆ, ಒಪ್ಪಿಗೆ ಬೇರೆ. ಆ ಗಳಿಗೆಯಲ್ಲಿ ಹೆಂಗಸರ ಬೆಂಚಿನಿಂದ ಎದ್ದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಚಪ್ಪಾಳೆಯಲ್ಲ, ಎಲ್ಲರೂ ಹಿಡಿದಿಟ್ಟಿದ್ದ ಉಸಿರು ಒಟ್ಟಿಗೇ ಬಿಟ್ಟ ಸದ್ದು. ದಾರಿಯಲ್ಲಿ ದೊಡ್ಡಮ್ಮ ‘ಪಾಪ, ಒಪ್ಕೊಂಡಿದ್ರೆ ಏನಾಗ್ತಿತ್ತು, ಅವನೂ ಬದಲಾಗಿದ್ದ’ ಅಂದರು. ಅತ್ತೆ ಆವತ್ತು ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟಳು. ‘ಸರಿಯಾಗೇ ಹೇಳಿದ್ಲು ಬಿಡು ಅತ್ತಿಗೆ.’ ಮತ್ತೆ ಮನೆ ಬರುವವರೆಗೂ ಯಾರೂ ಮಾತಾಡಲಿಲ್ಲ.

ತ್ರಿವೇಣಿ 1963ರಲ್ಲಿ, ಇನ್ನೂ 34ರ ವಯಸ್ಸಿನಲ್ಲೇ ತೀರಿಕೊಂಡವರು. ಇಂದಿರಾಳನ್ನು ಪರದೆಯ ಮೇಲೆ ಅವರು ನೋಡಲಿಲ್ಲ, ತಮ್ಮದೇ ಇನ್ನೊಂದು ಕಾದಂಬರಿಯಿಂದ ಬಂದ 1971ರ ‘ಶರಪಂಜರ’ದ ಕಾವೇರಿಯನ್ನೂ ನೋಡಲಿಲ್ಲ. ಹೆಂಗಸರ ಸಿನಿಮಾಗಳನ್ನು ತೆಗೆದವರು ಗಂಡಸರು ಅನ್ನುವ ಆಕ್ಷೇಪಣೆ ಇದೆ, ಅದು ನಿಜವೂ ಹೌದು. ಆದರೆ ಕನ್ನಡದಲ್ಲಿ ಒಂದು ಕಾಲಕ್ಕೆ ಆ ಗಂಡಸರ ಕೈಯಲ್ಲಿದ್ದ ಹೂರಣ ಹೆಂಗಸರು ರುಬ್ಬಿಕೊಟ್ಟದ್ದು. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು. ‘ಎರಡು ಕನಸು’, ‘ಶುಭಮಂಗಳ’, ‘ಹೊಸ ಬೆಳಕು’ ವಾಣಿಯವರ ಕಾದಂಬರಿಗಳು. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದಾಗ ಅವರಿಗೆ 45 ದಾಟಿತ್ತು. ಸಂಸಾರದ ಮೊದಲ ಪಂಕ್ತಿ ಎದ್ದ ಮೇಲೆ ಬರೆಯಲು ಕೂತವರು.

‘ಶರಪಂಜರ’ವನ್ನು ಇನ್ನೊಂದು ಯುಗಾದಿಗೆ ನೋಡಿದೆವು. ಬಾಣಂತನದ ನಂತರ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆಗೆ ಮಾತ್ರ ಅವಳು ಗುಣವಾಗಿರುವುದು ಗೊತ್ತಾಗುವುದಿಲ್ಲ. ನಕ್ಕರೆ ಅನುಮಾನ, ಸಿಟ್ಟಾದರೆ ಅನುಮಾನ. ಗಂಡನಿಗೆ ಇನ್ನೊಂದು ಸಂಬಂಧವಿದೆ ಅಂತ ತಿಳಿದ ಮೇಲೆ ಉಳಿದದ್ದೂ ಕುಸಿಯುತ್ತದೆ, ಮತ್ತೆ ಆಸ್ಪತ್ರೆಗೆ. ಆವತ್ತು ಕೋಡುಬಳೆ ಹಾಡಿನಲ್ಲೂ ಕಡಿದವರಿಲ್ಲ. ಐದು ಜನವೂ ಅತ್ತರು. ಸುತ್ತಮುತ್ತ ಎಲ್ಲರೂ ಅತ್ತರು. ನಾನು ಅಮ್ಮನ ಸೆರಗು ಹಿಡಿದು ‘ಮನೆಗೆ ಹೋಗೋಣ’ ಅಂತ ಅತ್ತೆ.

ಗೋಳಿನ ಸಿನಿಮಾ ಅಂತ ಇಂಥವನ್ನು ಹಗುರ ಮಾಡುವುದು ನಮ್ಮ ಗಂಡಸು ವಿಮರ್ಶಕರಿಗೆ ಮೊದಲಿನಿಂದಲೂ ಅಭ್ಯಾಸ. ಅವರಿಗೆ ಒಂದು ವಿಷಯ ಗೊತ್ತಿಲ್ಲ. ಯುಗಾದಿಯ ದಿನ ಮನೆಯಲ್ಲಿ ಅಳುವ ಹಾಗಿಲ್ಲ. ಆವತ್ತು ಏನು ಮಾಡಿದರೆ ವರ್ಷವಿಡೀ ಅದೇ ಅನ್ನುವ ನಂಬಿಕೆ. ಮಕ್ಕಳಿಗೂ ಆವತ್ತು ಏಟಿಲ್ಲ. ಹಬ್ಬದ ದಿನ ಕಣ್ಣಲ್ಲಿ ನೀರು ಹಾಕಬೇಡ ಅಂತ ಅಜ್ಜಿಯೇ ಅತ್ತೆಗೆ ಹೇಳುತ್ತಿದ್ದದ್ದನ್ನು ಕೇಳಿದ್ದೇನೆ. ಮುಂಜಾನೆ ನಾಲ್ಕಕ್ಕೆ ಎದ್ದು, ಎರಡು ಕಿಲೋ ಬೇಳೆಯ ಹೂರಣ ರುಬ್ಬಿ, ನೂರು ಒಬ್ಬಟ್ಟು ಬೇಯಿಸಿ, ಎಲ್ಲರಿಗೂ ಬಡಿಸಿ, ತಳ ಹತ್ತಿದ ಪಾಲನ್ನು ತಿಂದು ನಗುನಗುತ್ತ ಇರಬೇಕಾದವರಿಗೆ ಅಳಲು ಊರಲ್ಲಿ ಒಂದೇ ಜಾಗವಿತ್ತು. ಅಲ್ಲಿ ಕತ್ತಲಿತ್ತು, ಎಲ್ಲರೂ ಅಳುತ್ತಿದ್ದರು, ಅತ್ತದ್ದು ಕಾವೇರಿಗಾಗಿ ಅಂತ ಹೇಳಬಹುದಿತ್ತು. ಅಶುಭದ ಲೆಕ್ಕಕ್ಕೆ ಅದು ಬರುತ್ತಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ತಡವಾಗಿ ಹೊಳೆಯಿತು. ಆ ಚಿತ್ರಗಳ ನಾಯಕಿಯರು ಅಡುಗೆ ಮಾಡಿದ್ದು ನನಗೆ ನೆನಪಿಲ್ಲ. ಕಲ್ಪನಾಳ ಕೈಯಲ್ಲಿ ಕಾಫಿ ಲೋಟ ಕಂಡಿದ್ದೇನೆ, ಹೂವು ಕಂಡಿದ್ದೇನೆ. ಸೀರೆಗೆ ಕಣಕ ಮೆತ್ತಿದ್ದು ಕಂಡಿಲ್ಲ. ಚಿಕ್ಕಮ್ಮ ಅವಳ ಥರದ ರವಿಕೆ ಹೊಲಿಸಿಕೊಂಡಳು, ಅವಳ ಥರ ತುರುಬು ಎತ್ತಿ ಕಟ್ಟಿದಳು. ಒಲೆಯ ಮುಂದಿನಿಂದ ಎದ್ದು ಬಂದವರಿಗೆ ಮತ್ತೆ ಒಲೆ ತೋರಿಸಿದರೆ ಟಿಕೆಟ್ಟಿನ ದುಡ್ಡು ದಂಡ ಅಂತ ಆ ನಿರ್ದೇಶಕರಿಗೆ ಗೊತ್ತಿದ್ದಿರಬೇಕು. ಅಡುಗೆಮನೆ ಕಥೆಯೊಳಗೆ ಬಂದದ್ದು ತೀರಾ ಬೇರೆ ಬಗೆಯ ಚಿತ್ರಗಳಲ್ಲಿ. 1983ರಲ್ಲಿ ಪ್ರೇಮಾ ಕಾರಂತರು ಎಂ.ಕೆ. ಇಂದಿರಾ ಅವರದೇ ‘ಫಣಿಯಮ್ಮ’ವನ್ನು ಚಿತ್ರ ಮಾಡಿದರು, ಬಾಲವಿಧವೆಯಾಗಿ ದೊಡ್ಡ ಮನೆಯೊಂದಕ್ಕೆ ಜೀವ ತೇದವಳ ಕಥೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಹಬ್ಬದ ಮ್ಯಾಟಿನಿಗೆ ನಮ್ಮೂರಿಗೆ ಬರಲಿಲ್ಲ.

ಆಮೇಲೆ ಬಂದದ್ದು ತವರಿನ ಸಿನಿಮಾಗಳ ಸಾಲು. ಅಣ್ಣ, ತಂಗಿ, ಬಾಗಿನ, ಬೀಳ್ಕೊಡುಗೆ. 2002ರ ‘ತವರಿಗೆ ಬಾ ತಂಗಿ’ಗೆ ಹೆಂಗಸರು ಕಿಕ್ಕಿರಿದದ್ದು ನಿಜ, ನನ್ನ ಅಮ್ಮನೂ ನೋಡಿ ಅತ್ತದ್ದು ನಿಜ. ನನಗೆ ಅವು ರುಚಿಸಲಿಲ್ಲ. ಅಲ್ಲಿ ಅಳುವುದು ತಂಗಿ, ತೀರ್ಮಾನ ಅಣ್ಣನದು. ‘ಬೆಳ್ಳಿಮೋಡ’ದ ಇಂದಿರಾ ಒಲ್ಲೆ ಅಂದು ಮೂವತ್ತೈದು ವರ್ಷವಾದ ಮೇಲೆ ಇದು ಹಿನ್ನಡೆಯೇ.

ಅಷ್ಟರಲ್ಲಿ ಟೀವಿ ಬಂದು ಟಾಕೀಸನ್ನು ನುಂಗಿತ್ತು. ಬೆಂಗಳೂರು ದೂರದರ್ಶನ 1981ರಲ್ಲಿ, ಉದಯ ಟೀವಿ 1994ರಲ್ಲಿ. ಹಬ್ಬಕ್ಕೆ ವಿಶೇಷ ಚಿತ್ರ ಮನೆಗೇ ಬಂತು. ಬಿಸಿಲಲ್ಲಿ ನಡೆಯುವುದು ಬೇಡ, ಟಿಕೆಟ್ಟು ಬೇಡ. ಎಲ್ಲರೂ ಇದನ್ನು ಹೆಂಗಸರಿಗೆ ಆದ ಉಪಕಾರ ಅಂದುಕೊಂಡರು. ಆದದ್ದು ತಿರುಗುಮುರುಗು. ಟಾಕೀಸಿನ ದೊಡ್ಡ ಸೌಕರ್ಯವೆಂದರೆ ಅಲ್ಲಿ ಯಾರೂ ಕಾಫಿ ಕೇಳುವಂತಿರಲಿಲ್ಲ. ಮನೆಯ ಟೀವಿಗೂ ಒಲೆಗೂ ಹತ್ತು ಹೆಜ್ಜೆ. ಅಮ್ಮ ಆ ಇಪ್ಪತ್ತು ವರ್ಷ ನೋಡಿದ ಚಿತ್ರಗಳನ್ನೆಲ್ಲ ಅಡುಗೆಮನೆಯ ಬಾಗಿಲಿಗೆ ಒರಗಿ, ಕೈಯಲ್ಲಿ ಸಟ್ಟುಗ ಹಿಡಿದು, ನಿಂತುಕೊಂಡೇ ನೋಡಿದ್ದು. ಅವಳಿಗೆ ಎಷ್ಟೋ ಕಥೆಗಳ ಕೊನೆ ಇವತ್ತಿಗೂ ಗೊತ್ತಿಲ್ಲ. ಕ್ಲೈಮ್ಯಾಕ್ಸಿನ ಹೊತ್ತಿಗೆ ಕುಕ್ಕರ್ ಕೂಗಿರುತ್ತಿತ್ತು.

ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ನೋಡಿದಾಗ ನನಗೆ ಇದೇ ನೆನಪಾದದ್ದು. ವೈದೇಹಿಯವರ ಕಥೆಯನ್ನು ಆಧರಿಸಿದ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ಊರು, ಅಲ್ಲಿ ಸೂಲಗಿತ್ತಿ ಗುಲಾಬಿ. ಗಂಡ ಬಿಟ್ಟಿದ್ದಾನೆ, ಸಿನಿಮಾ ಹುಚ್ಚು ಬಿಟ್ಟಿಲ್ಲ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಸಿಗುವ ಉಡುಗೊರೆ ಡಿಶ್ ಆಂಟೆನಾ ಸಮೇತ ಒಂದು ಟೀವಿ. ಊರಿನ ಗಂಡಸರು ಕಡಲಿಗಿಳಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಅವಳ ಗುಡಿಸಲಿಗೆ ಬರುತ್ತಾರೆ. ಗುಲಾಬಿ ಮುಸ್ಲಿಮಳೆಂದು ಒಳಗೆ ಕಾಲಿಡದೆ ಹೊರಗಿನಿಂದಲೇ ಇಣುಕುವವರೂ ಇದ್ದಾರೆ. ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಊರು ಮುಂದೆ ಕೋಮಿನ ಬೆಂಕಿಗೆ ಬಿದ್ದು ಗುಲಾಬಿ ಊರನ್ನೇ ಬಿಡಬೇಕಾಗುತ್ತದೆ. ವಿಮರ್ಶಕರು ಅದರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನನ್ನ ಕಣ್ಣು ನೆಟ್ಟದ್ದು ಆ ಗುಡಿಸಲಿನ ನೆಲದ ಮೇಲೆ ಕಾಲು ಚಾಚಿ ಕೂತ ಹೆಂಗಸರ ಮೇಲೆ. ಯಾರ ಕೈಯಲ್ಲೂ ಸಟ್ಟುಗವಿರಲಿಲ್ಲ.

2021ರ ಯುಗಾದಿಗೆ ನಾನು ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದಿದ್ದೆ. ಅವಳಿಗೆ 75 ದಾಟಿತ್ತು. ಒಬ್ಬಟ್ಟನ್ನು ಅಂಗಡಿಯಿಂದ ತಂದಿದ್ದೆವು. ಅಮ್ಮ ಒಂದು ತುಂಡು ತಿಂದು ‘ಸಿಹಿ ಇದೆ’ ಅಂದಳು, ಅದು ಅವಳ ನಿಘಂಟಿನಲ್ಲಿ ಅನುತ್ತೀರ್ಣ. ನಾನು ‘ಒರಳಲ್ಲಿ ರುಬ್ಬಿದ ರುಚಿ ಇದಕ್ಕೆಲ್ಲಿ ಬರಬೇಕು’ ಅಂದೆ. ಅಮ್ಮ ಸುಮ್ಮನೆ ನನ್ನ ಮುಖ ನೋಡಿದಳು.

ಊಟವಾದ ಮೇಲೆ ಮಗಳು ಮೊಬೈಲನ್ನು ಟೀವಿಗೆ ಜೋಡಿಸಿ ಒಂದು ಮಲಯಾಳಂ ಚಿತ್ರ ಹಾಕಿದಳು. ಜಿಯೋ ಬೇಬಿ ನಿರ್ದೇಶನದ ‘ದಿ ಗ್ರೇಟ್ ಇಂಡಿಯನ್ ಕಿಚನ್’. ಆ ವರ್ಷ ಜನವರಿಯಲ್ಲಿ ಬಂದದ್ದು. ಅಮ್ಮನಿಗೆ ಮಲಯಾಳಂ ಬಾರದು, ಇಂಗ್ಲಿಷ್ ಅಕ್ಷರ ಓದಲು ಕಣ್ಣು ಸಾಲದು. ಆದರೆ ಅದರಲ್ಲಿ ಮಾತೇ ಕಡಿಮೆ. ಹೆಚ್ಚುವುದು, ಹುರಿಯುವುದು, ಬಗ್ಗಿಸುವುದು, ಬಡಿಸುವುದು, ಗಂಡಸರು ಉಂಡು ಎದ್ದ ಮೇಲೆ ಮೇಜಿನ ಮೇಲೆ ಅವರು ಉಗಿದಿಟ್ಟ ಎಂಜಲನ್ನು ಒರೆಸುವುದು. ಮತ್ತೆ ಮಾರನೆಯ ದಿನ ಹೆಚ್ಚುವುದು. ಕಥೆಯ ಹೆಣ್ಣಿಗೆ ಹೆಸರೂ ಇಲ್ಲ. ಸಿಂಕಿನ ಕೆಳಗೆ ಪೈಪು ಸೋರುತ್ತಿದೆ, ಗಂಡನಿಗೆ ಎಷ್ಟು ಸಲ ಹೇಳಿದರೂ ಪ್ಲಂಬರ್ ಬರುವುದಿಲ್ಲ. ಮಾವ ಮೃದು ಮಾತಿನ ಮನುಷ್ಯ. ಮೃದುವಾಗಿಯೇ ಹೇಳುತ್ತಾನೆ, ಅನ್ನ ಸೌದೆ ಒಲೆಯಲ್ಲೇ ಆಗಲಿ, ಚಟ್ನಿ ಕಲ್ಲಿನಲ್ಲೇ ಆಗಲಿ.

‘ನಿಮ್ಮ ತಾತ’ ಅಂದಳು ಅಮ್ಮ.

ನಾನು ಚಿತ್ರವನ್ನು ನಿಲ್ಲಿಸಿದೆ. ತಾತನನ್ನು ನಾವೆಲ್ಲ ದೇವರಂಥವರು ಅಂತಲೇ ಕಂಡದ್ದು. ‘ಮಿಕ್ಸಿ ತಂದದ್ದು ಯಾವ ವರ್ಷ ಗೊತ್ತಾ? ತಂದು ಎರಡು ವರ್ಷ ಡಬ್ಬದಲ್ಲೇ ಇತ್ತು. ಒರಳಿನ ರುಚಿ ಬರಲ್ಲ ಅಂತ ಅವರು ಒಂದು ಮಾತು ಅಂದ್ರು, ಅಷ್ಟೆ. ನನ್ನ ಈ ರಟ್ಟೆ ನೋವು ಆವತ್ತಿಂದು.’ ಇದನ್ನು ಹೇಳುವಾಗ ಅಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ, ಹಾಲಿನ ಲೆಕ್ಕ ಹೇಳುವ ದನಿ. ಈ ಲೇಖನದ ಮೊದಲಿಗೆ ನಾನು ಒರಳು, ಬಾಳೆಲೆ, ನೂರು ಒಬ್ಬಟ್ಟು ಅಂತ ಬರೆದೆನಲ್ಲ, ಅದನ್ನು ಅಮ್ಮನಿಗೆ ಓದಿ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಒರಳಿನ ರುಚಿ ಗೊತ್ತಿರುವುದು ತಿಂದವರಿಗೆ. ರುಬ್ಬಿದವರು ಕೊನೆಯ ಪಂಕ್ತಿಯಲ್ಲಿ ಕೂತು, ಎರಡೂವರೆಯ ಗಡಿಯಾರ ನೋಡುತ್ತ, ಗಬಗಬ ತಿಂದು ಎದ್ದವರು.

ಚಿತ್ರ ಮುಂದುವರಿಯಿತು. ಕೊನೆಯಲ್ಲಿ ಆ ಹೆಣ್ಣು ಸೋರಿದ ಕೊಳಕು ನೀರನ್ನು ಗಂಡನ, ಮಾವನ ಮುಖಕ್ಕೆ ಎರಚಿ ಮನೆ ಬಿಟ್ಟು ನಡೆಯುತ್ತಾಳೆ. ನಾನು ಅಮ್ಮನ ಕಡೆ ನೋಡಿದೆ, ಅಳುತ್ತಾಳೇನೋ ಅಂತ. ಅವಳು ನಗುತ್ತಿದ್ದಳು. ‘ನಿಮ್ಮತ್ತೆ ಇದ್ದಿದ್ರೆ ಇದನ್ನ ತೋರಿಸಬೇಕಿತ್ತು’ ಅಂದಳು. ಅತ್ತೆ ತೀರಿಕೊಂಡು ಆಗ ಒಂಬತ್ತು ವರ್ಷ.

ಈಗ ಯುಗಾದಿಗೆ ಮನೆಯಲ್ಲಿ ಒಂದು ಕಟ್ಟಲೆ ಮಾಡಿಕೊಂಡಿದ್ದೇವೆ. ಒಂದೇ ಕಿಲೋ ಬೇಳೆ. ಹೂರಣ ಮಿಕ್ಸಿಯಲ್ಲಿ, ನೀರು ತಾಕಿಸದೆ ಸ್ವಲ್ಪಸ್ವಲ್ಪವೇ ಹಾಕಿ ತಿರುಗಿಸಿದರೆ ಚೆನ್ನಾಗಿಯೇ ಬರುತ್ತದೆ. ಬೇಳೆ ಬೇಯಿಸುವುದು, ಬಸಿಯುವುದು, ಕಟ್ಟಿನ ಸಾರು, ಪಾತ್ರೆ ಎಲ್ಲ ನನ್ನ ತಮ್ಮ ಮತ್ತು ನನ್ನ ಗಂಡನ ಪಾಲು. ತಟ್ಟುವುದು ಬೇಯಿಸುವುದು ನಾವು ಹನ್ನೆರಡರೊಳಗೆ ಮುಗಿಸುತ್ತೇವೆ. ಎಲ್ಲರದೂ ಒಂದೇ ಪಂಕ್ತಿ. ಎರಡೂವರೆಗೆ ಸರಿಯಾಗಿ ಹೆಂಗಸರ ಆಟ, ಅಡುಗೆಮನೆಯ ಬಾಗಿಲು ಹಾಕಿ. ಚಿತ್ರ ಯಾವುದೆಂದು ಆರಿಸುವ ಅಧಿಕಾರ ಅಮ್ಮನದು. ಹೋದ ಸಲ ‘ಬೆಳ್ಳಿಮೋಡ’ ಕೇಳಿದಳು.

ಅರ್ಧ ಚಿತ್ರವಾಗಿತ್ತು. ತಮ್ಮ ಬಾಗಿಲಿಂದ ತಲೆ ಹಾಕಿ ‘ಅಮ್ಮಾ, ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ, ಏನು ಮಾಡಲಿ?’ ಅಂದ. ಅಮ್ಮ ಪರದೆಯಿಂದ ಕಣ್ಣು ತೆಗೆಯದೆ, ‘ನೀನೇ ನೋಡ್ಕೊ ಕಣೋ’ ಅಂದಳು. ರಾತ್ರಿ ಆ ಸಾರನ್ನು ಎಲ್ಲರೂ ತಿಂದೆವು. ಉಪ್ಪಾಗಿತ್ತು.